ಮರೆಹೊಕ್ಕವರ ನಾಡಿನಲ್ಲಿ

ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ವಿದ್ಯಾರ್ಥಿಯು ತೊಡೆಯ ಮೇಲೆ ಒಂದು ದಪ್ಪ ಚಿತ್ರಕಥೆಯ ಪುಸ್ತಕವನ್ನಿಟ್ಟುಕೊಂಡು ತನ್ಮಯನಾಗಿ ಓದುತ್ತಿದ್ದನು. ಬಿ.ಎ. ಎರಡನೆಯ ವರ್ಷದ ಹುಡುಗ. ತರಗತಿಯಲ್ಲಿ ಪಂಪನನ್ನು ಪಾಠ ಹೇಳುವಾಗ ಇಷ್ಟು ತನ್ಮಯತೆಯನ್ನು ಅವನ ಮುಖದಲ್ಲಿ ನಾನು ಕಂಡವನಲ್ಲ. ಆ ದಿನ ನಮ್ಮ ವಿಭಾಗದ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಿರೇಬೆಣಕಲ್ಲಿನ ಗುಡ್ಡಕ್ಕೆ ಹೊರಟಿದ್ದೆನು. ಉಳಿದವರು ಹಿಂದಿನ ಸೀಟುಗಳಲ್ಲಿ ಹಾಡಿನಲ್ಲಿ ಮಗ್ನರಾಗಿದ್ದರು.

ನಾನು ಕುತೂಹಲದಿಂದ ಪುಸ್ತಕದೊಳಗೆ ಇಣಿಕಿ ನೋಡಿದೆನು. ಕಪ್ಪು ಬಿಳುಪಿನ ಚಿತ್ರಗಳು. ಸತ್ತವರು ಎದ್ದು ಬರುತ್ತಾರೆ. ಕೊಳೆತ ಮೈ, ಜೋಲುವ ದವಡೆ, ಮಾತಿಲ್ಲ, ಹಸಿವೆಯೊಂದೇ. ಬದುಕಿ ಉಳಿದ ಕೆಲವರು ಊರಿಂದೂರಿಗೆ ಆಶ್ರಯ ಹುಡುಕುತ್ತ ಅಲೆಯುತ್ತಾರೆ. ‘ವಾಕಿಂಗ್ ಡೆಡ್’ ಎಂಬ ಈ ಅಮೆರಿಕದ ಕಥಾಮಾಲೆಯು 2003ರಲ್ಲಿ ಆರಂಭವಾಗಿ 193 ಸಂಚಿಕೆಗಳವರೆಗೆ ಬೆಳೆದು 2019ರಲ್ಲಿ ಮುಗಿಯಿತೆಂದು ಹುಡುಗನೇ ತಿಳಿಸಿದನು. ಅದರ ಜನ ಮೊದಲು ಒಬ್ಬ ಒಕ್ಕಲಿಗನ ತೋಟದ ಮನೆಯನ್ನು ಸೇರುತ್ತಾರೆ, ಬಳಿಕ ಒಂದು ಸೆರೆಮನೆಯನ್ನು, ಆಮೇಲೆ ಸುತ್ತಲೂ ಗೋಡೆಯಿರುವ ಒಂದು ಪಟ್ಟಣವನ್ನು. ಹೆಣಗಳ ಭಯಕ್ಕಿಂತ ಬಾಗಿಲ ಒಳಗಿರುವವರು ತೆರೆಯುತ್ತಾರೋ ಇಲ್ಲವೋ ಎಂಬ ಭಯವೇ ಹೆಚ್ಚೆಂದು ಪುಟ ಮಗುಚಿದಾಗಲೆಲ್ಲ ನನಗೆ ತೋರಿತು. ಬೇತಾಳನ ಕಥೆಗಳನ್ನು ಕೇಳಿ ಬೆಳೆದ ನಮಗೆ ಎದ್ದು ಬರುವ ಹೆಣ ಹೊಸದೇನಲ್ಲ; ಆದರೆ ನಮ್ಮ ಬೇತಾಳನು ಸಭ್ಯಸ್ಥನು, ಪ್ರಶ್ನೆ ಕೇಳಿ ಉತ್ತರ ಪಡೆದು ಮರಕ್ಕೆ ಹಿಂದಿರುಗತಕ್ಕವನು.

“ಸರ್, ಇಂಥಾದ್ದು ನಮ್ಮ ಕಡೆ ಬಂದ್ರ ಎಲ್ಲಿ ಹೋಗಿ ಅಡಗಬೇಕ್ರಿ?” ಎಂದು ಹುಡುಗನು ಕೇಳಿದನು.

“ಕೊಪ್ಪಳದ ಕೋಟೆ ಇದೆಯಲ್ಲ!” ಎಂದು ನಕ್ಕುಬಿಟ್ಟೆನು. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಹಿರೇಬೆಣಕಲ್ಲಿನ ಗುಡ್ಡವನ್ನೇರುವುದು ಸುಲಭವಲ್ಲ. ಮುಳ್ಳುಕಂಟಿಗಳ ನಡುವೆ, ಬಂಡೆಗಳ ಮೇಲೆ, ಎರಡು ಕಡೆ ಕೈಯೂರಿ ಹತ್ತಬೇಕು. ಮೇಲೆ ತಲುಪಿದ ಮೇಲೆ ಕಾಣತಕ್ಕ ನೋಟವು ಮಾತ್ರ ದಣಿವನ್ನು ಮರೆಸುತ್ತದೆ. ಚಪ್ಪಟೆ ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಕಲ್ಲನ್ನು ಹೊದಿಸಿ, ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿಯನ್ನು ಕೊರೆದ ಪುಟ್ಟ ಪುಟ್ಟ ಮನೆಗಳು ಸಾಲಾಗಿ ನಿಂತಿವೆ. ಎಲ್ಲ ಬಗೆಯವೂ ಸೇರಿ ಸುಮಾರು 400 ಕಲ್ಕಟ್ಟಡಗಳು ಇಲ್ಲಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಈ ಗುಡ್ಡದ ಹೆಸರು ಸೇರಿತು. ನಮ್ಮ ಜನರಿಗೆ ಇದು ಎಂದಿನಿಂದಲೂ ‘ಮೋರ್ಯರ ಗುಡ್ಡ’. ಮೋರ್ಯರೆಂದರೆ ಕುಳ್ಳರು, ಇವು ಆ ಕುಳ್ಳರ ಮನೆಗಳು. ದಕ್ಷಿಣ ದೇಶದಲ್ಲಿ ಇಂಥ ಕಲ್ಮನೆಗಳ ವಿಷಯವಾಗಿ ಅಲ್ಲಲ್ಲಿ ಒಂದು ಕಥೆ ಹೇಳುತ್ತಾರೆ: ಆಕಾಶದಿಂದ ಬೆಂಕಿಯ ಮಳೆ ಸುರಿಯುವುದೆಂದು ಮುಂದಾಗಿ ತಿಳಿದ ಆ ಸಣ್ಣ ಜನ, ಬದುಕಿ ಉಳಿಯುವುದಕ್ಕಾಗಿ ಕಲ್ಲಿನ ಮನೆಗಳನ್ನು ಕಟ್ಟಿಕೊಂಡು ಒಳಸೇರಿದರಂತೆ.

ನನ್ನ ವಿದ್ಯಾರ್ಥಿಗೆ ಈ ಕಥೆ ಬಹಳ ಹಿಡಿಸಿತು. ಕಿಂಡಿಯೊಳಗೆ ತಲೆ ತೂರಿಸಿ ನೋಡಿ, “ಇಲ್ಲೇ ಅಡಗಬಹುದಲ್ರಿ!” ಎಂದನು. ನಾನು ಅವನ ಉತ್ಸಾಹಕ್ಕೆ ನೀರೆರೆಯಬೇಕಾಯಿತು. ಪ್ರಾಕ್ತನಶಾಸ್ತ್ರಜ್ಞರ ಮತದಂತೆ ಇವು ಬದುಕಿದವರ ಮನೆಗಳಲ್ಲ, ಸತ್ತವರ ಸಲುವಾಗಿ ಎತ್ತಿದವು. ಜನರ ಕಥೆಯಲ್ಲಿ ಆಶ್ರಯಸ್ಥಾನವಾದದ್ದು ನಿಜದಲ್ಲಿ ಗೋರಿ. ಹುಡುಗನು ತಲೆಯನ್ನು ಹೊರಕ್ಕೆಳೆದುಕೊಂಡ ವೇಗವನ್ನು ಕಂಡು ಉಳಿದವರು ನಕ್ಕರು.

ಅದೇ ಗುಡ್ಡದ ಮೇಲೆ ನಗಾರಿಯ ಆಕಾರದ ಒಂದು ಗುಂಡು ಇದೆ. ಕಲ್ಲಿನಿಂದ ಬಡಿದರೆ ಗಂಭೀರವಾದ ನಾದ ಹೊರಡುತ್ತದೆ. ಬಹುದೂರ ಕೇಳಿಸುತ್ತದೆಂದು ಹೇಳುತ್ತಾರೆ. ಅದನ್ನು ಯಾರು, ಯಾವ ಭಯ ಬಂದಾಗ, ಯಾರನ್ನು ಕರೆಯಲು ಬಡಿದರೋ!

ಇಲ್ಲಿಂದ ಹೆಚ್ಚು ದೂರವಿಲ್ಲ, ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗ. ಕನ್ನಡ ಎಂ.ಎ. ಓದಿದವನಿಗೆ ಇದು ತೀರ್ಥಕ್ಷೇತ್ರವಿದ್ದಂತೆ. ಕಂಪಿಲರಾಯನ ಮಗ ಕುಮಾರರಾಮನ ಊರು. 16ನೆಯ ಶತಮಾನದ ನಂಜುಂಡನು ಸಾಂಗತ್ಯದಲ್ಲಿ ಹಾಡಿದ, ಊರೂರಿನ ಜನಪದರು ತಮ್ಮದೇ ರೀತಿಯಲ್ಲಿ ಹಾಡಿದ ಆ ‘ಪರನಾರೀ ಸಹೋದರ’ನ ಕಥೆಯನ್ನು ವಾಚಕರು ಬಲ್ಲರು. ಮಲತಾಯಿ ರತ್ನಾಜಿಯ ಚಾಡಿಯನ್ನು ನಂಬಿ ರಾಯನು ಮಗನ ತಲೆ ಹೊಡೆಸಲು ಹೇಳಿದಾಗ, ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿಟ್ಟು ಬೇರೊಂದು ತಲೆಯನ್ನು ತೋರಿಸಿದನು. ಇದು ಕಾವ್ಯದ ಮಾತು. ಚರಿತ್ರೆಯ ಮಾತು ಇದಕ್ಕಿಂತ ಭಯಂಕರವಾದದ್ದು.

ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಮೇಲೆ ಅವನ ಸಮೀಪ ಬಂಧುವೇ ಆದ ಬಹಾಉದ್ದೀನ್ ಗುರ್ಶಾಸ್ಪನು ದಂಗೆಯೆದ್ದು, ಸೋತು, ಓಡಿಬಂದು ಕಂಪಿಲರಾಯನ ಮರೆಹೊಕ್ಕನು. ‘ಶರಣಾಗತ ವಜ್ರಪಂಜರ’ ಎಂಬ ಬಿರುದನ್ನು ಶಾಸನಗಳಲ್ಲಿ ಓದಿ ಓದಿ ಅದು ಬರಿಯ ಅಲಂಕಾರವೆಂದು ನಾವು ಭಾವಿಸಿಬಿಟ್ಟಿರುತ್ತೇವೆ. ಈ ಚಿಕ್ಕ ಅರಸನು ಅದನ್ನು ಅಕ್ಷರಶಃ ನಡೆಸಿದನು. ಬಂದವನು ಅನ್ಯಧರ್ಮೀಯನು, ಪರದೇಶದವನು. ಅವನನ್ನು ಒಪ್ಪಿಸಿದ್ದರೆ ರಾಜ್ಯ ಉಳಿಯುತ್ತಿತ್ತೇನೋ. ರಾಯನು ಒಪ್ಪಿಸಲಿಲ್ಲ. ದೆಹಲಿಯ ದಂಡು ಮತ್ತೆ ಮತ್ತೆ ಬಂತು. 1327ರ ಸುಮಾರಿಗೆ ಕುಮ್ಮಟ ಬಿತ್ತು. ಇನ್ನು ಉಳಿಗಾಲವಿಲ್ಲವೆಂದು ತಿಳಿದಾಗ ಕಂಪಿಲನು ಅತಿಥಿಯನ್ನು ಬೇರೊಬ್ಬ ರಾಯನ ಕಡೆಗೆ ಕಳುಹಿಸಿಕೊಟ್ಟು, ಅಂತಃಪುರದ ಹೆಂಗಸರು ಉರಿಯನ್ನು ಹೊಕ್ಕ ಮೇಲೆ ತಾನು ಕಾಳಗದಲ್ಲಿ ಮಡಿದನೆಂದು ಪ್ರವಾಸಿ ಇಬನ್ ಬತೂತನು ಬರೆದಿಟ್ಟಿದ್ದಾನೆ. ಕಂಪಿಲನ ಮಕ್ಕಳಲ್ಲಿ ಸೆರೆಸಿಕ್ಕವರನ್ನು ಅವನು ಮುಂದೆ ದೆಹಲಿಯಲ್ಲಿ ಕಂಡವನು. ಎರಡನೆಯ ಆಶ್ರಯದಾತನಾದ ಹೊಯ್ಸಳ ಬಲ್ಲಾಳನು ಗುರ್ಶಾಸ್ಪನನ್ನು ಹಿಡಿದು ಒಪ್ಪಿಸಿಬಿಟ್ಟನು; ಸುಲ್ತಾನನು ಅವನ ಚರ್ಮವನ್ನು ಸುಲಿಸಿದನು. ಬಲ್ಲಾಳನನ್ನು ನಾನು ತೂಗಿ ನೋಡಲು ಹೋಗುವುದಿಲ್ಲ. ಅವನ ಮುಂದೆ ಕುಮ್ಮಟದ ಬೂದಿಯಿತ್ತು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಕೋಟಿ ಉಪಯೋಗ ಆಗ್ಲಿಲ್ಲ,” ಎಂದನು.

ಕೊಪ್ಪಳದ ಕೋಟೆಯಾದರೂ ಅಷ್ಟೆ. ಟಿಪ್ಪುವು ಫ್ರೆಂಚ್ ಇಂಜಿನಿಯರುಗಳಿಂದ ಬಲಪಡಿಸಿದ ಆ ಕೋಟೆಯನ್ನು ಗೆಲ್ಲಲು ಇಂಗ್ಲಿಷರಿಗೂ ನಿಜಾಮನಿಗೂ 1790ರಲ್ಲಿ ತೊಡಗಿ ತಿಂಗಳುಗಟ್ಟಲೆ ಹಿಡಿಯಿತು. ಆದರೆ 1858ರಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಇಂಗ್ಲಿಷರ ಮೇಲೆ ಕತ್ತಿ ಹಿರಿದು ಬಂದು ಇದೇ ಕೋಟೆಯನ್ನು ಹೊಕ್ಕಾಗ, ಕೆಲವೇ ದಿನಗಳಲ್ಲಿ ಮೇಜರ್ ಹ್ಯೂಸನ ದಂಡು ಬಂದು ಜೂನ್ 1ರಂದು ಒಳನುಗ್ಗಿತು. ಇಬ್ಬರೂ ಅಲ್ಲಿಯೇ ಬಿದ್ದರು. ಮುಂಡರಗಿಯವನು ಕೊಪ್ಪಳಕ್ಕೆ ಬಂದು ಉಳಿಯಲಿಲ್ಲ. 89 ವರ್ಷಗಳ ತರುವಾಯ ಕೊಪ್ಪಳದವರು ಮುಂಡರಗಿಗೆ ಹೋಗಿ ಉಳಿದರು. ಆ ಎರಡನೆಯ ಕಥೆಗಾಗಿ ಮುಂದಿನ ವಾರ ನಾನೊಬ್ಬನೇ ಮುಂಡರಗಿಯ ಬಸ್ಸನ್ನು ಹತ್ತಿದೆನು.

ದಾರಿಯಲ್ಲಿ ಅಳವಂಡಿ ಸಿಗುತ್ತದೆ. ಎರೆಯ ಹೊಲಗಳು, ಜೋಳ, ಕಡಲೆ. ಗಂಗಾವತಿಯ ಕಡೆಯ ಕಾಲುವೆ, ಭತ್ತದ ಗದ್ದೆ, ಅಕ್ಕಿಯ ಗಿರಣಿಗಳ ಹಸಿರು ಸಂಪತ್ತು ಇಲ್ಲಿಲ್ಲ. ಕಣ್ಣು ಹರಿಯುವವರೆಗೆ ಬಯಲು. ಆ ಬಯಲಿನಲ್ಲಿ ಎಲ್ಲಿಯೋ ಒಂದು ಕಡೆ ಹಿಂದೆ ಎರಡು ದೇಶಗಳ ಗಡಿಯಿತ್ತು. ಈಗ ಅದನ್ನು ತೋರಿಸುವ ಒಂದು ಕಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಈಚೆಯದು ಹೈದರಾಬಾದ್ ಸಂಸ್ಥಾನ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗನ ಜಹಗೀರು, ಕುಷ್ಟಗಿ, ಗಂಗಾವತಿಗಳು ನಿಜಾಮನ ನೇರ ಆಡಳಿತದವು. ಆಚೆಯದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಅದೇ ಕನ್ನಡ, ಅದೇ ರೊಟ್ಟಿ, ಅದೇ ಬೀಗರು. ನಾಣ್ಯ ಮಾತ್ರ ಬೇರೆ. ಈಚೆ ಹಾಲಿ ಸಿಕ್ಕಾ, ಆಚೆ ಕಲ್ದಾರ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ. ಗಡಿಯಲ್ಲಿ ಕರೋಡಗಿರಿಯ ನಾಕಾಗಳು.

1947ರ ಆಗಸ್ಟ್ 15ರಂದು ಆಚೆಯವರು ಸ್ವತಂತ್ರರಾದರು, ಈಚೆಯವರು ಆಗಲಿಲ್ಲ. ನಿಜಾಮ್ ಮೀರ್ ಉಸ್ಮಾನ್ ಅಲಿಖಾನನು ಭಾರತವನ್ನು ಸೇರಲು ಒಪ್ಪಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು ಸತ್ಯಾಗ್ರಹಕ್ಕೆ ಇಳಿಯಿತು. ಕಾಸಿಂ ರಜ್ವಿಯ ರಜಾಕಾರರ ದಂಡುಗಳು ಹಳ್ಳಿಗಳ ಮೇಲೆ ಬಿದ್ದವು. ಬೆಂಕಿ, ಲೂಟಿ, ಕೊಲೆ. ಬೀದರ ಜಿಲ್ಲೆಯ ಗೋರಟೆಯಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯನ್ನು ಅಲ್ಲಿಯವರು ಇಂದಿಗೂ ಮರೆತಿಲ್ಲ. ಭಾರತವನ್ನು ಸೇರಬೇಕೆಂದು ಬರೆದ ತಪ್ಪಿಗೆ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನನೂ ಅದೇ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದನೆಂಬುದನ್ನು ಇಲ್ಲಿಯೇ ಹೇಳಬೇಕು. ಆ ಕಾಲದ ಭಯಕ್ಕೆ ಜಾತಿ ಒಂದೇ ಆಗಿರಲಿಲ್ಲ.

ಜನ ಊರು ಬಿಟ್ಟರು. ಗುಡ್ಡಕ್ಕೆ ಓಡಲಿಲ್ಲ, ಕೋಟೆಯನ್ನು ಹೊಗಲಿಲ್ಲ. ಗಡಿ ದಾಟಿ ಆಚೆಯ ಸಂತೆಯ ಊರುಗಳಿಗೆ ಹೋದರು. ಕೊಪ್ಪಳದ ಕಡೆಯವರಿಗೆ ಮುಂಡರಗಿ, ಯಲಬುರ್ಗಾ ಕುಷ್ಟಗಿಯವರಿಗೆ ಗಜೇಂದ್ರಗಡ, ಗಂಗಾವತಿಯವರಿಗೆ ಕಂಪ್ಲಿ. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಸಿದರು. ಶಿಬಿರಗಳಿಗೆ ಎರಡು ಮುಖ. ಒಂದು ಕಡೆ ಕೋವಿ ಹಿಡಿಯಲು ಕಲಿತ ತರುಣರು ರಾತ್ರಿ ಗಡಿ ದಾಟಿ ನಾಕಾಗಳ ಮೇಲೂ ಠಾಣೆಗಳ ಮೇಲೂ ಬೀಳುತ್ತಿದ್ದರು. ಇನ್ನೊಂದು ಕಡೆ ಮಕ್ಕಳು ಮರಿ, ಬಸುರಿ ಬಾಣಂತಿ, ದನಕರು. ಮೊದಲನೆಯ ಮುಖದ ಕಥೆಯನ್ನು ಗ್ರಂಥಗಳಲ್ಲಿ ಓದಬಹುದು. ಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಮೊದಲನೆಯ ಲೋಕಸಭೆಗೆ ಆರಿಸಿ ಹೋದರು. ಎರಡನೆಯದನ್ನು ಬರೆದಿಟ್ಟವರು ಕಡಿಮೆ. ಯಾರ ಹಿತ್ತಿಲಲ್ಲಿ ಎಷ್ಟು ಒಲೆಗಳು ಹೊತ್ತಿದವು, ಯಾವ ಮನೆಯ ಹಗೇವಿನ ಜೋಳ ಯಾರ ಹೊಟ್ಟೆಗೆ ಹೋಯಿತು ಎಂಬುದಕ್ಕೆ ಲೆಕ್ಕವಿಲ್ಲ.

ಅನ್ನದಾನೀಶ್ವರ ಮಠದ ಊರಾದ ಮುಂಡರಗಿಯು ಕೋಟೆಯ ಹಾಗೆ ನಿಂತು ನೋಡತಕ್ಕ ಊರಲ್ಲ. ಬಸ್ ನಿಲ್ದಾಣ, ಕಾಳಿನ ಅಂಗಡಿಗಳು, ಎಮ್ಮೆಗಳು, ಮಿರ್ಚಿಯ ಬಂಡಿ. ಒಂದು ಮರದ ಕೆಳಗೆ ಕುಳಿತಿದ್ದ ಮುದುಕರೊಬ್ಬರನ್ನು ಮಾತನಾಡಿಸಿ ನಾನು ಬಂದ ಕಾರಣವನ್ನು ತಿಳಿಸಿದೆನು. ತಾವು ಆಗ ಚಿಕ್ಕವರೆಂದೂ, ತಮ್ಮ ಪಡಸಾಲೆಯಲ್ಲಿ ಒಂದು ಬೇಸಗೆಯೆಲ್ಲ ಇನ್ನೊಂದು ಸಂಸಾರ ಮಲಗುತ್ತಿತ್ತೆಂದೂ ಹೇಳಿದರು. “ತ್ರಾಸ ಆಗಲಿಲ್ಲೇನ್ರಿ?” ಎಂದೆನು. “ಆತು. ನಮ್ಮವ್ವಗ ಆ ಹೆಂಗಸಿಗೆ ದಿನಾ ಜಗಳ,” ಎಂದು ನಕ್ಕರು. ನನಗೆ ಈ ಮಾತು ಬಹಳ ಒಳ್ಳೆಯ ಸಾಕ್ಷಿಯಾಗಿ ತೋರಿತು. ಕಾವ್ಯದ ಶರಣಾಗತ ರಕ್ಷಣೆಯಲ್ಲಿ ಜಗಳವಿಲ್ಲ. ನಿಜವಾದ ಮನೆಯಲ್ಲಿ ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಜಗಳವಾಡುತ್ತಲೇ ತಿಂಗಳುಗಳನ್ನು ನೂಕುತ್ತಾರೆ; ಹೊರಗೆ ಮಾತ್ರ ಹಾಕುವುದಿಲ್ಲ.

ಇನ್ನು ನಮ್ಮ ಮನೆತನದ ಮಾತು. ಇದನ್ನು ಬರೆಯುವುದೋ ಬೇಡವೋ ಎಂದು ಹಲವು ದಿನ ಯೋಚಿಸಿದ್ದೇನೆ.

ಒಂದು ಭಾನುವಾರ ಆ ವಿದ್ಯಾರ್ಥಿಯನ್ನು ಕರೆದುಕೊಂಡು ಗಂಗಾವತಿಯಿಂದ ಕಂಪ್ಲಿಗೆ ಹೋದೆನು. ನಡುವೆ ತುಂಗಭದ್ರೆಯ ಸೇತುವೆ. ಮೇಲಿನ ಅಣೆಕಟ್ಟಿನಿಂದ ಬಹಳ ನೀರು ಬಿಟ್ಟ ವರ್ಷಗಳಲ್ಲಿ ಈ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಅಣೆಕಟ್ಟಿನದೂ ಒಂದು ವಿಚಿತ್ರ: 1945ರ ಫೆಬ್ರುವರಿಯಲ್ಲಿ ಒಂದು ದಡದಲ್ಲಿ ನಿಜಾಮನ ಕಡೆಯವರೂ ಇನ್ನೊಂದು ದಡದಲ್ಲಿ ಮದರಾಸಿನವರೂ ಅಡಿಗಲ್ಲಿಟ್ಟರು. ಜನ ಹೆದರಿ ದಾಟಿದ ಹೊಳೆಗೆ ಎರಡು ಸರಕಾರಗಳು ಸೇರಿ ಕಟ್ಟೆ ಕಟ್ಟಲು ಹೊರಟಿದ್ದವು. ಹೊಳೆಯ ಮೇಲ್ಗಡೆ, ಆನೆಗುಂದಿ ಹಂಪೆಗಳ ನಡುವೆ, ವಾಲಿಗೆ ಹೆದರಿ ಸುಗ್ರೀವನು ಅಡಗಿದ ಋಷ್ಯಮೂಕವಿದೆ. ವಾಲಿಯು ದುಂದುಭಿಯ ಹೆಣವನ್ನು ಎತ್ತಿ ಒಗೆದಾಗ ಅದರ ನೆತ್ತರು ಮತಂಗರ ಆಶ್ರಮದ ಮೇಲೆ ಸಿಡಿಯಿತು. ಮುನಿಯು ಶಪಿಸಿದ್ದರಿಂದ ವಾಲಿಯು ಆ ಬೆಟ್ಟಕ್ಕೆ ಕಾಲಿಡದಂತಾಯಿತು. “ಅಲ್ಲೂ ಹೆಣಾನ ಕಾರಣ!” ಎಂದು ಹುಡುಗನು ಉತ್ಸಾಹದಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡನು.

ಕಂಪಿಲರಾಯನ ಹೆಸರಿಗೂ ಈ ಊರಿನ ಹೆಸರಿಗೂ ಇರುವ ನಂಟನ್ನು ಹೇಳಬೇಕಾದದ್ದಿಲ್ಲ. ನಮ್ಮ ಅಜ್ಜಿಯು ತನ್ನ ಹತ್ತನೆಯ ವಯಸ್ಸಿನಲ್ಲಿ ಇದೇ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದವಳು. ಗಂಗಾವತಿ ತಾಲೂಕಿನ ಒಂದು ಹಳ್ಳಿ. ಹೊರಡುವ ಮುನ್ನ ಮುತ್ತಜ್ಜನು ಹಗೇವಿನ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಪಕ್ಕದ ಮನೆಯ ಪಿಂಜಾರನಿಗೆ ಮಾತ್ರ ತಿಳಿಸಿ, ಆಕಳನ್ನು ಅವನ ಹಟ್ಟಿಯಲ್ಲಿ ಕಟ್ಟಿದನು. ಪಿಂಜಾರನು ಅರಳೆ ಹಿಂಜುವ ಬಡವ. ನಮ್ಮ ಮನೆಯ ಹಾಸಿಗೆಗಳೆಲ್ಲ ಅವನ ಬಿಲ್ಲಿನಿಂದ ಹಿಂಜಿದ ಹತ್ತಿಯವೇ. ಕಂಪ್ಲಿಯಲ್ಲಿ ಗುರುತು ಪರಿಚಯವಿಲ್ಲದ ಒಬ್ಬರು ತಮ್ಮ ದನದ ಕೊಟ್ಟಿಗೆಯ ಅರ್ಧವನ್ನು ಬಿಟ್ಟುಕೊಟ್ಟರು. ಅಲ್ಲಿ ಆರು ತಿಂಗಳ ಮೇಲೆ ಇದ್ದರು. ಬಾಡಿಗೆಯೆಂದು ಯಾರೂ ಕೇಳಲಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಸೋಲೊಪ್ಪಿದನು. ಮನೆಯವರು ಊರಿಗೆ ಮರಳಿದರು. ನೋಡಿದರೆ ಹಗೇವಿಗೆ ಕೈ ಬಿದ್ದಿರಲಿಲ್ಲ. ಅದರ ಬಾಯಿಯ ಮೇಲೆ ಪಿಂಜಾರನು ಕಣಿಕೆಯ ಬಣವೆಯನ್ನು ಒಟ್ಟಿ ಮರೆಮಾಡಿದ್ದನು. ಆಕಳು ಕರು ಹಾಕಿತ್ತು.

ಆದರೆ ಈಗ ಭಯವು ಮನೆ ಬದಲಿಸಿತ್ತು. ರಜಾಕಾರರ ಸೇಡನ್ನು, ರಜಾಕಾರರನ್ನು ಕಣ್ಣಿನಿಂದಲೂ ಕಾಣದ ಬಡ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುವವರು ಹುಟ್ಟಿಕೊಂಡಿದ್ದರು. ಪ್ರಧಾನಿ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ, ಸತ್ತವರ ಸಂಖ್ಯೆ 27,000ದಿಂದ 40,000ದವರೆಗೆ ಎಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿ ಅತ್ಯಧಿಕ. ನೆರೆಯ ಮುಸಲ್ಮಾನರನ್ನು ಪ್ರಾಣವನ್ನು ಪಣವಿಟ್ಟು ಕಾಪಾಡಿದ ಹಿಂದೂಗಳನ್ನೂ ಆ ವರದಿ ನೆನೆಯುತ್ತದೆ. ವರದಿಯು ಬಹುಕಾಲ ಬೆಳಕು ಕಾಣಲಿಲ್ಲ. ಸೆಪ್ಟೆಂಬರ್ 17ರಂದು ನಮ್ಮ ಕಾಲೇಜಿನಲ್ಲಿಯೂ ಧ್ವಜ ಏರಿಸುತ್ತೇವೆ, ಭಾಷಣ ಮಾಡುತ್ತೇವೆ, ನಾನೂ ಮಾಡಿದ್ದೇನೆ. ಈ ಅಂಕಿಯನ್ನು ನಾನು ಒಮ್ಮೆಯೂ ಹೇಳಿದವನಲ್ಲ.

ಒಂದು ರಾತ್ರಿ ಪಿಂಜಾರನು ಹೆಂಡತಿ ಮಕ್ಕಳೊಡನೆ ಬಂದು ಮುತ್ತಜ್ಜನ ಬಾಗಿಲನ್ನು ತಟ್ಟಿದನು. ದೊಡ್ಡ ದನಿಯಲ್ಲಿ ಅಲ್ಲ, ಉಗುರಿನಿಂದ ಕೆರೆದಂತೆ, ಎಂದು ಅಜ್ಜಿ ಹೇಳಿದಳು. ಒಳಗೆ ಎಲ್ಲರೂ ಎಚ್ಚರವಾಗಿದ್ದರು. ಮುತ್ತಜ್ಜನು ಎದ್ದು ಬಾಗಿಲವರೆಗೆ ಹೋದನು, ಅಗುಳಿಯ ಮೇಲೆ ಕೈಯಿಟ್ಟನು, ಹಾಗೆಯೇ ನಿಂತನು. ಬಳಿಕ ಕಿಟಕಿಯಿಂದ ಒಂದು ಚೀಲ ಜೋಳವನ್ನು ಹೊರಕ್ಕೆ ಇಳಿಬಿಟ್ಟು, ನಸುಕಾಗುವುದರೊಳಗೆ ಊರು ದಾಟಿ ಹೋಗೆಂದನು. ಬಾಗಿಲು ತೆರೆಯಲಿಲ್ಲ. ಊರಿನವರಿಗೆ ಗೊತ್ತಾದರೆ ನಮ್ಮನ್ನು ಉಳಿಸುವರೇ ಎಂಬುದು ಅವನ ಭಯ. ಮುತ್ತಜ್ಜನು ಕೆಟ್ಟವನಾಗಿರಲಿಲ್ಲವೆಂದು ಅಜ್ಜಿ ಪದೇ ಪದೇ ಹೇಳುತ್ತಿದ್ದಳು. ಈ ಕಥೆಯನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಸಾಯುವುದಕ್ಕೆ ಒಂದು ವರ್ಷ ಮೊದಲು; ಕಂಪ್ಲಿಯ ಕೊಟ್ಟಿಗೆಯ ಕಥೆಯನ್ನು ನೂರು ಸಲ ಹೇಳಿರಬೇಕು.

ಆ ಕೊಟ್ಟಿಗೆಯಿದ್ದ ಓಣಿಯನ್ನು ಹುಡುಕುತ್ತ ನಾವಿಬ್ಬರೂ ಕಂಪ್ಲಿಯ ಪೇಟೆಯಲ್ಲಿ ಬಿಸಿಲೇರುವವರೆಗೆ ತಿರುಗಿದೆವು. ಸಿಗಲಿಲ್ಲ. ಗುರುತಿಗೆ ಅಜ್ಜಿ ಹೇಳಿದ್ದ ಹುಣಿಸೆಯ ಮರ ಎಲ್ಲಿಯೂ ಇರಲಿಲ್ಲ. ಹಿಂದಿರುಗುವಾಗ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಎದುರಿನಿಂದ ಭತ್ತದ ಲಾರಿಗಳ ಸಾಲು. ಹುಡುಗನು ಚಿತ್ರಕಥೆಯನ್ನು ಆ ದಿನ ತಂದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ಪಿಂಜಾರ ಮುಂದ ಏನಾದ ಸರ್?” ಎಂದು ಕೇಳಿದನು.

ಅವನು ಬಾಗಿಲ ಮುಂದಿನ ಕಟ್ಟೆಯ ಮೇಲೆ ತನ್ನ ಬಿಲ್ಲನ್ನು ಬಿಟ್ಟು ಹೋಗಿದ್ದನು. ಮಕ್ಕಳನ್ನೆತ್ತಿಕೊಂಡು, ಜೋಳದ ಚೀಲವನ್ನೂ ಹೊತ್ತು ನಡೆಯುವವನಿಗೆ ಅದು ಭಾರವಾಗಿರಬೇಕು. ಬೆಳಗಾದ ಮೇಲೆ ಮುತ್ತಜ್ಜನು ಅದನ್ನು ಒಳಗೆ ತಂದು ಅಟ್ಟದ ಮೇಲಿಟ್ಟನು. ಬೇರೆ ಪಿಂಜಾರರು ಕೊಳ್ಳಲು ಕೇಳಿದಾಗ ಕೊಡಲಿಲ್ಲ, ಬೇರೆಯವರದೆಂದನು. ಗೆದ್ದಲು ಹಿಡಿಯುವವರೆಗೂ ಅದು ಅಲ್ಲಿಯೇ ಇತ್ತು. ಅದನ್ನು ಒಯ್ಯಲು ಯಾರೂ ಬರಲಿಲ್ಲ.